ಅವರು ನಿಮಗೆ ಏನಾಗಬೇಕು? ಸಲಿಂಗ ಜೋಡಿಗಳ ಲೆಕ್ಕ ಹಿಡಿಯುವ ಕಷ್ಟ

ಮನೆ ಬಾಗಿಲಿಗೆ ಬಂದ ಗಣತಿದಾರರು ಹೆಸರು, ವಯಸ್ಸು ಬರೆದುಕೊಂಡ ಮೇಲೆ ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: "ಮನೆ ಯಜಮಾನರಿಗೆ ಇವರು ಏನಾಗಬೇಕು?" ಹೆಂಡತಿ, ಮಗ, ಸೊಸೆ, ಅತ್ತೆ, ಭಾವಮೈದುನ ಎಂದು ಉತ್ತರ ತಾನಾಗಿ ಬಾಯಿಗೆ ಬರುತ್ತದೆ. ನೆಂಟಸ್ತಿಕೆ ಹೇಳುವ ಮಾತಿಗೆ ಕನ್ನಡದಲ್ಲಿ ಬರವಿಲ್ಲ. ಓರಗಿತ್ತಿ, ಷಡ್ಡಕ, ಬೀಗರು ಎಂದು ಒಂದೊಂದು ಎಳೆಗೂ ಹೆಸರಿಟ್ಟವರು ನಾವು.

ಈಗ ಮೈಸೂರಿನ ಒಂದು ಬಾಡಿಗೆ ಮನೆಯನ್ನು ಊಹಿಸಿಕೊಳ್ಳಿ. ಅಲ್ಲಿ ಹನ್ನೆರಡು ವರ್ಷದಿಂದ ಇಬ್ಬರು ಹೆಂಗಸರು ಜೊತೆಗಿದ್ದಾರೆ. ಒಬ್ಬರು ನರ್ಸ್, ಇನ್ನೊಬ್ಬರು ಮಕ್ಕಳಿಗೆ ಟ್ಯೂಷನ್ ಹೇಳುತ್ತಾರೆ. ಗ್ಯಾಸ್ ಕನೆಕ್ಷನ್ ಒಂದು, ಹಾಲಿನವನ ಲೆಕ್ಕ ಒಂದು, ಬಾಡಿಗೆ ಕರಾರು ಮಾತ್ರ ಒಬ್ಬರ ಹೆಸರಿನಲ್ಲಿ. ಒಬ್ಬರಿಗೆ ಜ್ವರ ಬಂದರೆ ರಾತ್ರಿಯೆಲ್ಲ ಕೂತು ಹಣೆಗೆ ಒದ್ದೆ ಬಟ್ಟೆ ಹಾಕುವವರು ಇನ್ನೊಬ್ಬರು. ಗಣತಿದಾರರು ಅದೇ ಪ್ರಶ್ನೆ ಕೇಳುತ್ತಾರೆ. ಮನೆ ಓನರ್ ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಳ್ಳುತ್ತಿದ್ದಾರೆ. "ಫ್ರೆಂಡ್" ಎಂಬ ಉತ್ತರ ಬರುತ್ತದೆ, ಇಲ್ಲವೇ "ಚಿಕ್ಕಮ್ಮನ ಮಗಳು". ಗಣತಿದಾರರು ಅದನ್ನು ಬರೆದುಕೊಂಡು ಮುಂದಿನ ಪ್ರಶ್ನೆಗೆ ಹೋಗುತ್ತಾರೆ.

ಎಷ್ಟು ಸಲಿಂಗ ಜೋಡಿಗಳಿವೆ, ಅವರು ಎಲ್ಲಿದ್ದಾರೆ, ಅವರಿಗೆ ಮಕ್ಕಳಿದ್ದಾರೆಯೇ, ದುಡಿಮೆ ಹೇಗಿದೆ ಎಂದು ಜಗತ್ತಿನ ಜನಗಣತಿಗಳು ಕೊಟ್ಟಿರುವ ಉತ್ತರಗಳೆಲ್ಲ ಹುಟ್ಟುವುದು ಇಂಥ ಒಂದು ಗಳಿಗೆಯಲ್ಲಿ. ಫಾರಂನಲ್ಲಿ ಆ ಉತ್ತರಕ್ಕೆ ಜಾಗ ಇತ್ತೇ, ಇದ್ದರೂ ಹೇಳುವ ಧೈರ್ಯ ಬಂತೇ, ಹೇಳಿದ ಮೇಲೆ ಕಚೇರಿಯಲ್ಲಿ ಅದನ್ನು ಹೇಳಿದ ಹಾಗೆ ಉಳಿಸಿದರೇ? ಈ ಮೂರನ್ನೂ ದಾಟಿ ಬಂದ ಜೋಡಿಗಳಷ್ಟೇ ಅಂಕಿಅಂಶದಲ್ಲಿ ಕಾಣುತ್ತವೆ. ಮೂರನೆಯದನ್ನು ನಾವು ಸಾಮಾನ್ಯವಾಗಿ ಯೋಚಿಸುವುದೇ ಇಲ್ಲ. ಅಮೆರಿಕದ ಕಥೆ ಅಲ್ಲಿಂದಲೇ ಶುರುವಾಗುತ್ತದೆ.

ಅದಕ್ಕೆ ಮುಂಚೆ ಒಂದು ಗೊಂದಲ ಬಿಡಿಸಿಕೊಳ್ಳಬೇಕು. ನಮ್ಮ 2011ರ ಜನಗಣತಿಯಲ್ಲಿ ಗಂಡು, ಹೆಣ್ಣು ಅಲ್ಲದೆ 'ಇತರೆ' ಎಂಬ ಆಯ್ಕೆ ಮೊದಲ ಬಾರಿಗೆ ಬಂತು. ದೇಶದಲ್ಲಿ 4,87,803 ಜನ, ಕರ್ನಾಟಕದಲ್ಲಿ 20,266 ಜನ ಅದರಲ್ಲಿ ಲೆಕ್ಕಕ್ಕೆ ಸಿಕ್ಕರು. ಎಷ್ಟೋ ಬರಹಗಳಲ್ಲಿ ಇದನ್ನೇ 'ಭಾರತದ ಸಲಿಂಗಿಗಳ ಸಂಖ್ಯೆ' ಎಂದು ಹಾಕಿಬಿಡುತ್ತಾರೆ. ಅದು ತಪ್ಪು. ತಾನು ಗಂಡೋ ಹೆಣ್ಣೋ ಬೇರೆಯೋ ಎಂಬುದು ಲಿಂಗತ್ವದ ಮಾತು. ಮನಸ್ಸು ಯಾರ ಕಡೆ ಒಲಿಯುತ್ತದೆ ಎಂಬುದು ಬೇರೆಯೇ ವಿಷಯ. ನಮ್ಮ ಮೈಸೂರಿನ ಇಬ್ಬರೂ 'ಹೆಣ್ಣು' ಎಂದೇ ಬರೆಸುತ್ತಾರೆ. ಹಾಗೆಯೇ ಜೋಡಿಗಳ ಲೆಕ್ಕ ಬೇರೆ, ಜನರ ಲೆಕ್ಕ ಬೇರೆ. ಒಂಟಿಯಾಗಿರುವವರು, ಅಪ್ಪ ಅಮ್ಮನ ಮನೆಯಲ್ಲೇ ಇರುವವರು, ಇಷ್ಟವಿಲ್ಲದ ಮದುವೆಯೊಳಗೆ ಸಿಕ್ಕಿಬಿದ್ದವರು ಯಾವ ಜೋಡಿಯ ಲೆಕ್ಕದಲ್ಲೂ ಬರುವುದಿಲ್ಲ.

ಕಚೇರಿಯಲ್ಲಿ ಬದಲಾದ ಲಿಂಗ

ಅಮೆರಿಕದ ಜನಗಣತಿಯಲ್ಲಿ 1990ರಲ್ಲಿ 'ಮದುವೆಯಾಗದ ಸಂಗಾತಿ' ಎಂಬ ಆಯ್ಕೆ ಮೊದಲ ಸಲ ಬಂತು. ಮದುವೆಯಾಗದೆ ಜೊತೆಗಿರುವ ಗಂಡು ಹೆಣ್ಣಿನ ಜೋಡಿಗಳು ಹೆಚ್ಚುತ್ತಿದ್ದ ಕಾಲ ಅದು. ಆದರೆ ಯಜಮಾನನೂ ಗಂಡು, ಸಂಗಾತಿಯೂ ಗಂಡು ಎಂದು ಗುರುತು ಹಾಕಿದ ಫಾರಂಗಳೂ ಬಂದವು. ಅಂಥ ಸುಮಾರು 1,45,000 ಜೋಡಿಗಳು ಆ ವರ್ಷ ಲೆಕ್ಕಕ್ಕೆ ಸಿಕ್ಕವು.

ಇನ್ನೂ ಕೆಲವರು ಒಂದು ಹೆಜ್ಜೆ ಮುಂದೆ ಹೋಗಿ 'ಗಂಡ/ಹೆಂಡತಿ' ಎಂದೇ ಬರೆದಿದ್ದರು. ಕಾನೂನು ಒಪ್ಪದಿದ್ದರೂ ಅವರ ಮಟ್ಟಿಗೆ ಅದು ಮದುವೆಯೇ. ಜನಗಣತಿ ಕಚೇರಿ ಇಂಥ ಉತ್ತರವನ್ನು ಬರೆಯುವಾಗ ಆದ ತಪ್ಪು ಎಂದು ತಿಳಿಯಿತು. ಇಬ್ಬರು ಗಂಡಸರು ದಂಪತಿಯಾಗಿರಲು ಸಾಧ್ಯವಿಲ್ಲ, ಆದ್ದರಿಂದ ಯಾರೋ ಒಬ್ಬರ ಲಿಂಗ ತಪ್ಪಾಗಿ ನಮೂದಾಗಿದೆ ಎಂಬ ತರ್ಕ. ಹೆಚ್ಚಿನ ಕಡೆ ಇಬ್ಬರಲ್ಲಿ ಒಬ್ಬರ ಲಿಂಗವನ್ನು ಬದಲಾಯಿಸಿ, ಅವರನ್ನು ಸಾಮಾನ್ಯ ಗಂಡ ಹೆಂಡತಿ ಎಂದು ಸೇರಿಸಿದರು. ತಮ್ಮ ಬದುಕನ್ನು ಇದ್ದ ಹಾಗೆ ಹೇಳಿಕೊಂಡ ಒಬ್ಬ ಮನುಷ್ಯ ಸರಕಾರದ ಕಡತದಲ್ಲಿ ಹೆಂಗಸಾಗಿಬಿಟ್ಟ, ಅದು ಅವನಿಗೆ ಗೊತ್ತೂ ಆಗಲಿಲ್ಲ. ಈ ಸಂಗತಿ ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಯಾರೂ ಕೆಟ್ಟ ಉದ್ದೇಶದಿಂದ ಮಾಡಿದ್ದಲ್ಲ. ಲಕ್ಷಾಂತರ ಫಾರಂಗಳಲ್ಲಿನ ಕೈತಪ್ಪು ಸರಿಪಡಿಸಲು ಬರೆದಿಟ್ಟ ನಿಯಮ ಅದು. ಹಾಗಿದ್ದೂ ಸತ್ಯ ಹೇಳಿದವರನ್ನೇ ಅದು ಅಳಿಸಿಹಾಕಿತು.

2000ದ ಹೊತ್ತಿಗೆ ನಿಯಮ ಬದಲಾಯಿತು. ಈ ಸಲ ಲಿಂಗವನ್ನು ಮುಟ್ಟಲಿಲ್ಲ, ಸಂಬಂಧವನ್ನು ಬದಲಾಯಿಸಿದರು. 'ಗಂಡ/ಹೆಂಡತಿ' ಎಂದು ಬರೆದ ಸಲಿಂಗ ಜೋಡಿಗಳನ್ನು 'ಮದುವೆಯಾಗದ ಸಂಗಾತಿ' ಎಂದು ಇಳಿಸಿದರು. 1996ರಲ್ಲಿ ಬಂದ ಕೇಂದ್ರ ಕಾನೂನೊಂದು ಮದುವೆ ಎಂದರೆ ಗಂಡು ಹೆಣ್ಣಿನದ್ದು ಮಾತ್ರ ಎಂದಿತ್ತು, ಸರಕಾರಿ ಕಚೇರಿ ಅದನ್ನು ಮೀರುವಂತಿರಲಿಲ್ಲ. ಅಷ್ಟಾದರೂ ಜೋಡಿ ಜೋಡಿಯಾಗಿಯೇ ಉಳಿಯಿತು. ಸಂಖ್ಯೆ 5,94,391ಕ್ಕೆ ಏರಿತು. ದೇಶದ ಶೇ 99ಕ್ಕೂ ಹೆಚ್ಚು ಕೌಂಟಿಗಳಲ್ಲಿ, ಅಂದರೆ ನಮ್ಮ ಜಿಲ್ಲೆಗಳಂಥ ಆಡಳಿತ ಘಟಕಗಳಲ್ಲಿ, ಒಂದಾದರೂ ಸಲಿಂಗ ಜೋಡಿ ಕಂಡಿತು. ಸ್ಯಾನ್ ಫ್ರಾನ್ಸಿಸ್ಕೊ, ನ್ಯೂಯಾರ್ಕ್‌ಗಳಲ್ಲಿ ಮಾತ್ರ ಇರುವ ಜನ ಎಂಬ ನಂಬಿಕೆ ಅಲ್ಲಿಗೆ ಮುರಿಯಿತು. ಹತ್ತು ವರ್ಷದಲ್ಲಿ ನಾಲ್ಕು ಪಟ್ಟು ಹೆಚ್ಚಿತು ಎಂದು ಪತ್ರಿಕೆಗಳು ಬರೆದವು. ಅಷ್ಟು ಜನ ಹೊಸದಾಗಿ ಎಲ್ಲಿಂದ ಬರಬೇಕು? ಹೇಳಿಕೊಳ್ಳುವವರು ಹೆಚ್ಚಿದ್ದರು, ಜೊತೆಗೆ ಹೇಳಿದ್ದನ್ನು ಅಳಿಸುವ ನಿಯಮವೂ ಹೋಗಿತ್ತು.

ಸಣ್ಣ ಗುಂಪು, ದೊಡ್ಡ ತಪ್ಪು

2010ರಲ್ಲಿ ಉಲ್ಟಾ ತೊಂದರೆ ಎದುರಾಯಿತು. ಈ ಸಲ ಕಚೇರಿ ಯಾವುದನ್ನೂ ಬದಲಾಯಿಸದೆ, ಜನ ಹೇಳಿದ್ದನ್ನು ಹೇಳಿದಂತೆಯೇ ಪ್ರಕಟಿಸಲು ತೀರ್ಮಾನಿಸಿತು. ಒಟ್ಟು 9,01,997 ಸಲಿಂಗ ಜೋಡಿಗಳು ಬಂದವು, ಅದರಲ್ಲಿ 3,49,377 ಜೋಡಿಗಳು ದಂಪತಿ ಎಂದು ಹೇಳಿಕೊಂಡವು. ಆಗ ಅಮೆರಿಕದ ಬೆರಳೆಣಿಕೆಯ ರಾಜ್ಯಗಳಲ್ಲಷ್ಟೇ ಸಲಿಂಗ ಮದುವೆಗೆ ಮಾನ್ಯತೆ ಇತ್ತು. ಇಷ್ಟು ದಂಪತಿ ಎಲ್ಲಿಂದ ಬಂದರು ಎಂದು ಕಚೇರಿಯವರಿಗೇ ಅನುಮಾನ ಬಂತು.

ಇದರ ಹಿಂದಿನ ಲೆಕ್ಕ ತುಂಬ ಸರಳ. ಆ ವರ್ಷ ಅಮೆರಿಕದಲ್ಲಿ ಗಂಡು ಹೆಣ್ಣಿನ ದಂಪತಿಗಳು ಸುಮಾರು ಐದೂವರೆ ಕೋಟಿಗಿಂತ ಹೆಚ್ಚಿದ್ದರು. ಫಾರಂ ತುಂಬುವಾಗ ಅವಸರದಲ್ಲಿ ಹೆಂಡತಿಯ ಮುಂದೆ 'ಗಂಡು' ಎಂಬ ಚೌಕಕ್ಕೆ ಗುರುತು ಬಿದ್ದರೆ ಸಾಕು, ಆ ಮನೆ ಸಲಿಂಗ ದಂಪತಿಯ ಪಟ್ಟಿಗೆ ಸೇರುತ್ತದೆ. ಸಾವಿರ ಮನೆಗೆ ನಾಲ್ಕರಲ್ಲಿ ಮಾತ್ರ ಇಂಥ ತಪ್ಪಾಯಿತು ಎನ್ನಿ. ಐದೂವರೆ ಕೋಟಿಗೆ ಅದು ಎರಡು ಲಕ್ಷದ ಇಪ್ಪತ್ತು ಸಾವಿರ. ನಿಜವಾದ ಸಲಿಂಗ ದಂಪತಿಗಳೇ ಒಂದೂಕಾಲು ಲಕ್ಷದ ಆಸುಪಾಸಿನಲ್ಲಿದ್ದಾಗ, ಪಟ್ಟಿಯ ತುಂಬ ಕೈತಪ್ಪಿನಿಂದ ಬಂದವರೇ ಇರುತ್ತಾರೆ. ಪಕ್ಕದ ಹೊಲ ನೂರು ಎಕರೆ ಇದ್ದು ಅಲ್ಲಿಂದ ಹಾರಿ ಬಂದ ಕಳೆಬೀಜ ನಿಮ್ಮ ಅರ್ಧ ಎಕರೆಯಲ್ಲಿ ಬಿದ್ದ ಹಾಗೆ. ಆ ನೂರು ಎಕರೆಗೆ ಅದು ಲೆಕ್ಕಕ್ಕೇ ಇಲ್ಲ, ನಿಮ್ಮ ಅರ್ಧ ಎಕರೆಯಲ್ಲಿ ಬೆಳೆಗಿಂತ ಕಳೆಯೇ ಹೆಚ್ಚು.

ತಪ್ಪನ್ನು ಹಿಡಿಯಲು ಕಚೇರಿ ಹೆಸರುಗಳ ಮೊರೆ ಹೋಯಿತು. ಪ್ರತಿ ರಾಜ್ಯದಲ್ಲೂ ಒಂದೊಂದು ಹೆಸರು ಎಷ್ಟು ಸಲ ಗಂಡಿಗೆ, ಎಷ್ಟು ಸಲ ಹೆಣ್ಣಿಗೆ ಬಂದಿದೆ ಎಂದು ಪಟ್ಟಿ ಮಾಡಿತು. ಜಾನ್ ಎಂಬ ಹೆಸರಿನ ಮುಂದೆ 'ಹೆಣ್ಣು' ಎಂದಿದ್ದರೆ ಬಹುಪಾಲು ಅದು ಕೈತಪ್ಪೇ. ಹೀಗೆ ಜರಡಿ ಹಿಡಿದಾಗ ಒಟ್ಟು ಜೋಡಿಗಳು 6,46,464ಕ್ಕೆ, ದಂಪತಿಗಳು 1,31,729ಕ್ಕೆ ಇಳಿದರು. ಮೊದಲ ಪಟ್ಟಿಯಲ್ಲಿ ನೂರಕ್ಕೆ ಇಪ್ಪತ್ತೆಂಟು ಜೋಡಿಗಳು ಹಾಗೆ ಇರಲೇ ಇಲ್ಲ. ತಪ್ಪು ಹೆಚ್ಚಾಗಿ ಬಂದದ್ದು ಗಣತಿದಾರರು ಮನೆಗೆ ಹೋಗಿ ತುಂಬಿದ ಫಾರಂಗಳಿಂದ. ಅದರ ಚೌಕಗಳ ಜೋಡಣೆಯೇ ಕಣ್ಣು ತಪ್ಪಿಸುವಂತಿತ್ತು.

ಈ ಉಪಾಯ ನಮ್ಮಲ್ಲಿ ನಡೆಯುತ್ತದೆಯೇ ಎಂದು ನಾನು ಯೋಚಿಸಿದ್ದುಂಟು. ಮಂಜು ಎಂದರೆ ಮಂಜುನಾಥನೂ ಹೌದು, ಮಂಜುಳೆಯೂ ಹೌದು. ಶಶಿ, ಕಿರಣ, ಸುಮನ್ ಕೂಡ ಹಾಗೆಯೇ. ಪಂಜಾಬಿಗೆ ಹೋದರೆ ಗುರ್‌ಪ್ರೀತ್, ಮನ್‌ಪ್ರೀತ್ ಯಾರದೂ ಆಗಬಹುದು. ಹೆಸರಿನ ಜರಡಿ ಇಲ್ಲಿ ಬೇಗ ತೂತು ಬೀಳುತ್ತದೆ.

ಅಮೆರಿಕದವರು ಕೊನೆಗೆ ಫಾರಂ ಅನ್ನೇ ತಿದ್ದಿದರು. 2015ರ ಜೂನ್ 26ರಂದು ಅಲ್ಲಿನ ಸುಪ್ರೀಂ ಕೋರ್ಟ್ ಇಡೀ ದೇಶದಲ್ಲಿ ಸಲಿಂಗ ಮದುವೆಗೆ ಮಾನ್ಯತೆ ಕೊಟ್ಟಿತ್ತು. 2020ರ ಜನಗಣತಿಯಲ್ಲಿ ಸಂಬಂಧದ ಪ್ರಶ್ನೆಗೆ ನಾಲ್ಕು ಬೇರೆ ಬೇರೆ ಆಯ್ಕೆ ಬಂದವು: ಬೇರೆ ಲಿಂಗದ ಗಂಡ ಅಥವಾ ಹೆಂಡತಿ, ಬೇರೆ ಲಿಂಗದ ಮದುವೆಯಾಗದ ಸಂಗಾತಿ, ಅದೇ ಲಿಂಗದ ಗಂಡ ಅಥವಾ ಹೆಂಡತಿ, ಅದೇ ಲಿಂಗದ ಮದುವೆಯಾಗದ ಸಂಗಾತಿ. ಒಬ್ಬರು ತಪ್ಪಿ ಬೇರೆ ಚೌಕ ಒತ್ತಿದರೆ ಎರಡು ಉತ್ತರಗಳು ಒಂದಕ್ಕೊಂದು ಹೊಂದುವುದಿಲ್ಲ, ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. 2021ರ ಸಮೀಕ್ಷೆಯ ಪ್ರಕಾರ ಅಲ್ಲಿ ಸುಮಾರು 12 ಲಕ್ಷ ಸಲಿಂಗ ಜೋಡಿಗಳ ಮನೆಗಳಿದ್ದವು, ಅರ್ಧಕ್ಕಿಂತ ಹೆಚ್ಚು ಮದುವೆಯಾದವರವು.

ಕೆನಡಾದಲ್ಲಿ ಇನ್ನೊಂದು ಬಗೆಯ ತಪ್ಪಾಯಿತು. ಅಲ್ಲಿ 2005ರಲ್ಲೇ ದೇಶದ ಉದ್ದಗಲಕ್ಕೂ ಸಲಿಂಗ ಮದುವೆ ಬಂದಿತ್ತು. 2011ರ ಜನಗಣತಿಯಲ್ಲಿ 64,575 ಸಲಿಂಗ ಜೋಡಿಗಳು, ಅದರಲ್ಲಿ 21,015 ದಂಪತಿಗಳು ಎಂದು ಲೆಕ್ಕ ಬಂತು. ಆಮೇಲೆ ನೋಡಿದರೆ ತೈಲದ ಕೆಲಸಕ್ಕೆ ಹೆಸರಾದ ಫೋರ್ಟ್ ಮೆಕ್‌ಮರ್ರಿಯಂಥ ಊರುಗಳಲ್ಲಿ ಸಂಖ್ಯೆ ವಿಚಿತ್ರವಾಗಿ ಏರಿತ್ತು. ಊರಲ್ಲಿ ಹೆಂಡತಿ ಮಕ್ಕಳನ್ನು ಬಿಟ್ಟು ದುಡಿಯಲು ಬಂದ ಗಂಡಸರು ಅಲ್ಲಿ ಖರ್ಚು ಉಳಿಸಲು ಒಂದೇ ಮನೆಯಲ್ಲಿ ಇರುತ್ತಾರೆ. 'ಮದುವೆಯಾಗಿದೆಯೇ?' ಎಂದರೆ ಇಬ್ಬರೂ 'ಹೌದು' ಎನ್ನುತ್ತಾರೆ. ಮನೆ ಒಂದು, ಗಂಡಸರು ಇಬ್ಬರು, ಇಬ್ಬರಿಗೂ ಮದುವೆಯಾಗಿದೆ. ಲೆಕ್ಕದಲ್ಲಿ ಅವರಿಬ್ಬರೇ ದಂಪತಿಯಾಗಿಬಿಟ್ಟರು. ಇಂಥ ಜೋಡಿಗಳು ದೇಶದಲ್ಲಿ 4,500ರವರೆಗೂ ಇರಬಹುದು ಎಂದು ಅಲ್ಲಿನ ಅಂಕಿಅಂಶ ಇಲಾಖೆಯೇ ಎಚ್ಚರಿಕೆ ಕೊಟ್ಟಿತು. ರಾಯಚೂರು, ಕಲಬುರಗಿಯಿಂದ ಬೆಂಗಳೂರಿಗೆ ಗುಳೆ ಬಂದು ಒಂದೇ ಶೆಡ್ಡಿನಲ್ಲಿ ಇರುವ ಕೂಲಿಕಾರರನ್ನು ನೆನೆದರೆ, ಇಂಥ ತಪ್ಪು ನಮ್ಮಲ್ಲಿ ಎಷ್ಟು ಸುಲಭವಾಗಿ ಆಗಬಹುದು ಎಂದು ತಿಳಿಯುತ್ತದೆ.

ಎಣಿಸಿದ ಮೇಲೆ ಕಂಡದ್ದು

ಇಷ್ಟೆಲ್ಲ ಜರಡಿ ಹಿಡಿದ ಮೇಲೆ ಉಳಿದ ಚಿತ್ರ, ಜನ ಅಂದುಕೊಂಡಿದ್ದ ಚಿತ್ರಕ್ಕಿಂತ ಬಹಳ ಬೇರೆಯಾಗಿತ್ತು.

ಮೊದಲು ಮಕ್ಕಳ ವಿಷಯ. ಅಮೆರಿಕದಲ್ಲಿ 2019ರ ಲೆಕ್ಕದಂತೆ ಸಲಿಂಗ ಜೋಡಿಗಳಲ್ಲಿ ಸುಮಾರು ಶೇ 15ರಷ್ಟು ಮನೆಗಳಲ್ಲಿ 18 ವರ್ಷದೊಳಗಿನ ಮಕ್ಕಳಿದ್ದರು. ಗಂಡು ಹೆಣ್ಣಿನ ಜೋಡಿಗಳಲ್ಲಿ ಅದು ಸುಮಾರು ಶೇ 38. ಸಲಿಂಗ ಜೋಡಿಗಳೊಳಗೇ ನೋಡಿದರೆ ಹೆಂಗಸರ ಜೋಡಿಗಳಲ್ಲಿ ಶೇ 22.5, ಗಂಡಸರ ಜೋಡಿಗಳಲ್ಲಿ ಶೇ 6.6. ಹೆಂಗಸರಿಗೆ ಹೆರುವ ಸಾಧ್ಯತೆ ಇದೆ, ಹಿಂದಿನ ಮದುವೆಯ ಮಕ್ಕಳು ಬಹುಪಾಲು ತಾಯಿಯ ಜೊತೆ ಉಳಿಯುತ್ತಾರೆ. ಇದು ಯಾರಿಗೂ ಹೊಳೆಯುವ ಮಾತು.

ಎಲ್ಲಿ ಹೆಚ್ಚು ಮಕ್ಕಳು ಎಂದು ಹುಡುಕಿದಾಗ ಬಂದ ಉತ್ತರ ಮಾತ್ರ ಯಾರಿಗೂ ಹೊಳೆಯದ್ದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕ್ಯಾಂಪಸ್ಸಿನ ವಿಲಿಯಮ್ಸ್ ಇನ್‌ಸ್ಟಿಟ್ಯೂಟಿನಲ್ಲಿದ್ದ ಜನಸಂಖ್ಯಾ ತಜ್ಞ ಗ್ಯಾರಿ ಗೇಟ್ಸ್ ಈ ಕೆಲಸದಲ್ಲಿ ವರ್ಷಗಟ್ಟಲೆ ತೊಡಗಿದ್ದವರು. ಸಲಿಂಗ ಜೋಡಿಗಳು ಮಕ್ಕಳನ್ನು ಸಾಕುವ ಪ್ರಮಾಣ ಹೆಚ್ಚಾಗಿರುವುದು ಉದಾರವಾದಿ ದೊಡ್ಡ ನಗರಗಳಲ್ಲಲ್ಲ, ಸಂಪ್ರದಾಯಸ್ಥ ದಕ್ಷಿಣದ ರಾಜ್ಯಗಳಲ್ಲಿ ಎಂದು ಅವರು ತೋರಿಸಿದರು. ಮಿಸಿಸಿಪ್ಪಿಯಲ್ಲಿ ನಾಲ್ಕರಲ್ಲಿ ಒಂದು ಜೋಡಿಗೆ ಮಕ್ಕಳಿದ್ದರು. ಹತ್ತು ಲಕ್ಷಕ್ಕಿಂತ ಹೆಚ್ಚು ಜನರಿರುವ ನಗರ ಪ್ರದೇಶಗಳಲ್ಲಿ ಮೊದಲ ಸ್ಥಾನ ಬಂದದ್ದು ಮಾರ್ಮನ್ ಎಂಬ ಸಂಪ್ರದಾಯಸ್ಥ ಕ್ರೈಸ್ತ ಪಂಥದ ಕೇಂದ್ರವಾದ ಸಾಲ್ಟ್ ಲೇಕ್ ಸಿಟಿಗೆ, ಶೇ 26.

ಯಾಕೆ ಹೀಗೆ? ಇಂಥ ಊರುಗಳಲ್ಲಿ ಬೆಳೆದವರು ತಮ್ಮ ಒಲವನ್ನು ಬಚ್ಚಿಟ್ಟುಕೊಂಡು ಇಪ್ಪತ್ತು ಇಪ್ಪತ್ತೆರಡಕ್ಕೆ ಎಲ್ಲರಂತೆ ಮದುವೆಯಾಗುತ್ತಾರೆ, ಮಕ್ಕಳಾಗುತ್ತವೆ. ಮೂವತ್ತೈದರ ಹೊತ್ತಿಗೆ ತಡೆಯಲಾಗದೆ ಹೊರಬರುತ್ತಾರೆ. ಮಕ್ಕಳನ್ನು ಕರೆದುಕೊಂಡು ಹೊಸ ಸಂಗಾತಿಯ ಜೊತೆ ಮನೆ ಮಾಡುತ್ತಾರೆ. ಅಂದರೆ ಆ ಮಕ್ಕಳ ಸಂಖ್ಯೆಯ ಹಿಂದೆ ಇರುವುದು ಸಮಾಜದ ಒತ್ತಡ. ಒತ್ತಡ ಸಡಿಲವಾದ ಹಾಗೆ ಈ ಪ್ರಮಾಣ ಇಳಿಯಬೇಕು, ಇಳಿಯಿತು ಕೂಡ: 2006ರಲ್ಲಿ ಶೇ 19 ಇದ್ದದ್ದು 2009ಕ್ಕೆ ಶೇ 16 ಆಯಿತು. ಸ್ವೀಕಾರ ಹೆಚ್ಚಿದ ಕಾಲದಲ್ಲಿ ಮಕ್ಕಳಿರುವ ಸಲಿಂಗ ಮನೆಗಳ ಪಾಲು ಕಡಿಮೆಯಾಯಿತು ಎಂದರೆ ಮೊದಲಿಗೆ ಒಗಟಿನಂತೆ ಕಾಣುತ್ತದೆ, ಕಾರಣ ತಿಳಿದ ಮೇಲೆ ಬೇರೆ ಹೇಗೂ ಆಗಲು ಸಾಧ್ಯವಿರಲಿಲ್ಲ ಅನಿಸುತ್ತದೆ.

"ಒಂದು ಮದುವೆ ಮಾಡಿಬಿಡಿ, ಎಲ್ಲ ಸರಿಹೋಗುತ್ತೆ" ಎಂಬ ಮಾತು ನಮ್ಮ ಮನೆಗಳಲ್ಲಿ ಕೇಳದವರಾರು? ಆ ಒತ್ತಡಕ್ಕೆ ಮಣಿದು ಮದುವೆಯಾದ ಗಂಡಸು ಹೆಂಗಸರ ಮಕ್ಕಳು ನಮ್ಮ ನಡುವೆಯೇ ಶಾಲೆಗೆ ಹೋಗುತ್ತಿದ್ದಾರೆ. ಏನೂ ತಿಳಿಯದೆ ಆ ಮದುವೆಗೆ ಕೊರಳೊಡ್ಡಿದ ಹೆಂಡತಿಯ, ಗಂಡನ ಪಾಡು ಇನ್ನೊಂದು. ನಮ್ಮಲ್ಲಿ ಎಂದಾದರೂ ಸರಿಯಾದ ಲೆಕ್ಕ ಸಿಕ್ಕರೆ ಸಾಲ್ಟ್ ಲೇಕ್ ಸಿಟಿಯ ಚಿತ್ರವೇ ಇನ್ನೂ ದೊಡ್ಡದಾಗಿ ಕಾಣುತ್ತದೆ ಎಂಬುದು ನನ್ನ ಅಂದಾಜು.

ಮಕ್ಕಳನ್ನು ದತ್ತು ಪಡೆಯುವುದರಲ್ಲೂ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ವಿಲಿಯಮ್ಸ್ ಇನ್‌ಸ್ಟಿಟ್ಯೂಟಿನ 2018ರ ವರದಿಯಂತೆ, ಮಕ್ಕಳಿರುವ ಸಲಿಂಗ ಜೋಡಿಗಳಲ್ಲಿ ಶೇ 21ರಷ್ಟು ದತ್ತು ಮಕ್ಕಳನ್ನು ಸಾಕುತ್ತಿದ್ದರು. ಗಂಡು ಹೆಣ್ಣಿನ ಜೋಡಿಗಳಲ್ಲಿ ಅದು ಶೇ 3.

ಇನ್ನು ದುಡ್ಡಿನ ಮಾತು. ಸಲಿಂಗ ಜೋಡಿ ಎಂದರೆ ಇಬ್ಬರೂ ದುಡಿಯುವ, ಮಕ್ಕಳಿಲ್ಲದ, ಸೊಗಸಾದ ಫ್ಲ್ಯಾಟಿನಲ್ಲಿರುವ ಶ್ರೀಮಂತರು ಎಂಬ ಚಿತ್ರವನ್ನು ಜಾಹೀರಾತುಗಳು ಕಟ್ಟಿವೆ. 2019ರಲ್ಲಿ ಅಮೆರಿಕದಲ್ಲಿ ಮದುವೆಯಾದ ಗಂಡಸರ ಜೋಡಿಗಳ ನಡುಮಟ್ಟದ ವಾರ್ಷಿಕ ಆದಾಯ ಸುಮಾರು 1 ಲಕ್ಷ 23 ಸಾವಿರ ಡಾಲರ್. ಗಂಡು ಹೆಣ್ಣಿನ ದಂಪತಿಗಳದು ಸುಮಾರು 97 ಸಾವಿರ. ಹೆಂಗಸರ ದಂಪತಿಗಳದು ಸುಮಾರು 88 ಸಾವಿರ. ಇದನ್ನು ಒಲವಿನ ಲೆಕ್ಕಕ್ಕೆ ಹಾಕುವಂತಿಲ್ಲ. ಹೆಂಗಸರಿಗೆ ಕಡಿಮೆ ಸಂಬಳ ಕೊಡುವ ಪದ್ಧತಿ ಇದಕ್ಕೆ ಒಂದು ದೊಡ್ಡ ಕಾರಣ: ಮನೆಯಲ್ಲಿ ಗಂಡಸಿನ ಸಂಬಳ ಎರಡಿದ್ದರೆ ಮೇಲೆ, ಒಂದಿದ್ದರೆ ನಡುವೆ, ಒಂದೂ ಇಲ್ಲದಿದ್ದರೆ ಕೆಳಗೆ. ಎರಡನ್ನೂ ಸೇರಿಸಿ 'ಸಲಿಂಗ ಜೋಡಿಗಳ ಸರಾಸರಿ' ಎಂದು ಒಂದೇ ಅಂಕಿ ಕೊಟ್ಟರೆ ಇದು ಕಾಣುವುದೇ ಇಲ್ಲ.

ಬಾಗಿಲು ತಟ್ಟಿ ಕೇಳುವ ಗೋಜೇ ಇಲ್ಲದ ದೇಶಗಳೂ ಇವೆ. ಉತ್ತರ ಯುರೋಪಿನಲ್ಲಿ ಪ್ರತಿಯೊಬ್ಬರ ಹುಟ್ಟು, ವಿಳಾಸ, ಮದುವೆ, ವಿಚ್ಛೇದನ ಎಲ್ಲ ಒಂದು ನೋಂದಣಿಯಲ್ಲಿ ಇರುತ್ತವೆ. ನಾರ್ವೆಯಲ್ಲಿ 1993ರಿಂದ, ಸ್ವೀಡನ್ನಿನಲ್ಲಿ 1995ರಿಂದ ಸಲಿಂಗ ಜೋಡಿಗಳು ಸಂಗಾತಿತನವನ್ನು ನೋಂದಾಯಿಸಬಹುದಿತ್ತು. 2006ರಲ್ಲಿ ಪ್ರಕಟವಾದ ಅಧ್ಯಯನವೊಂದು ನಾರ್ವೆಯ 1,293, ಸ್ವೀಡನ್ನಿನ 1,526 ನೋಂದಣಿಗಳನ್ನು ಬೆನ್ನುಹತ್ತಿತು. ಸಾವಿರ ಮದುವೆಗೆ ಐದೋ ಏಳೋ ಇಂಥ ನೋಂದಣಿಗಳು. ಹೆಂಗಸರ ಜೋಡಿಗಳು ಬೇರೆಯಾಗುವ ಸಂಭವ ಗಂಡಸರ ಜೋಡಿಗಳಿಗಿಂತ ಸುಮಾರು ಎರಡು ಪಟ್ಟು ಹೆಚ್ಚಿತ್ತು. ಇದನ್ನು ಹಿಡಿದು ತೀರ್ಪು ಕೊಡುವವರು ಇನ್ನೊಂದನ್ನೂ ನೋಡಬೇಕು. ಗಂಡು ಹೆಣ್ಣಿನ ಮದುವೆಗಳಲ್ಲೂ ವಿಚ್ಛೇದನಕ್ಕೆ ಅರ್ಜಿ ಹಾಕುವವರಲ್ಲಿ ಹೆಂಗಸರೇ ಹೆಚ್ಚು, ಸರಿಯಿಲ್ಲದ ಸಂಬಂಧವನ್ನು ಅವರು ಎಳೆದುಕೊಂಡು ಹೋಗುವುದು ಕಡಿಮೆ.

ಅದೇ ಬಗೆಯ ನೋಂದಣಿಯಿಂದ ನೆದರ್‌ಲ್ಯಾಂಡ್ಸ್‌ನಲ್ಲಿ ಮಕ್ಕಳ ಬಗ್ಗೆ ಒಳ್ಳೆಯ ಉತ್ತರ ಸಿಕ್ಕಿತು. 2001ರ ಏಪ್ರಿಲ್ 1ರಂದು ಜಗತ್ತಿನಲ್ಲೇ ಮೊದಲು ಸಲಿಂಗ ಮದುವೆಗೆ ಕಾನೂನಿನ ಒಪ್ಪಿಗೆ ಸಿಕ್ಕಿದ್ದು ಅಲ್ಲಿ. ಸಲಿಂಗ ತಂದೆ ತಾಯಿಯರ ಮಕ್ಕಳು ಚೆನ್ನಾಗಿ ಬೆಳೆಯುತ್ತಾರೆಯೇ ಎಂಬ ಜಗಳದಲ್ಲಿ ಹಳೆಯ ಕೆಲವು ಅಧ್ಯಯನಗಳು ಒಂದು ದೊಡ್ಡ ಎಡವಟ್ಟು ಮಾಡಿದ್ದವು. ಅಪ್ಪ ಅಮ್ಮ ಬೇರೆಯಾದ ಮನೆಯಿಂದ ಬಂದ ಮಗುವನ್ನು, ಎಂದೂ ಒಡೆಯದ ಮನೆಯ ಮಗುವಿನ ಜೊತೆ ಹೋಲಿಸಿ, ವ್ಯತ್ಯಾಸವನ್ನೆಲ್ಲ ತಾಯಿಯ ಒಲವಿನ ತಲೆಗೆ ಕಟ್ಟಿದ್ದವು. ಮನೆ ಒಡೆದ ನೋವನ್ನು ಬೇರೆ ಮಾಡಿ ನೋಡಿರಲೇ ಇಲ್ಲ. 2020ರಲ್ಲಿ ಪ್ರಕಟವಾದ ಡಚ್ ಅಧ್ಯಯನ ಹುಟ್ಟಿದಂದಿನಿಂದ ಸಲಿಂಗ ಜೋಡಿಗಳ ಮನೆಯಲ್ಲೇ ಬೆಳೆದ 2,971 ಮಕ್ಕಳನ್ನು ನೋಂದಣಿಯಲ್ಲೇ ಹುಡುಕಿ ಶಾಲೆಯ ಅಂಕಗಳನ್ನು ನೋಡಿತು. ಅವರು ಬೇರೆ ಮಕ್ಕಳಿಗಿಂತ ತುಸು ಮೇಲೆಯೇ ಇದ್ದರು. ಈ ಮನೆಗಳಲ್ಲಿ ಮಗು ಆಕಸ್ಮಿಕವಾಗಿ ಆಗುವುದಿಲ್ಲ, ಚಿಕಿತ್ಸೆಗೆ ಖರ್ಚು ಮಾಡಬೇಕು, ಆದ್ದರಿಂದ ಹೆತ್ತವರು ವಯಸ್ಸಿನಲ್ಲೂ ಅನುಕೂಲದಲ್ಲೂ ಮುಂದಿರುತ್ತಾರೆ. ಅದೇ ಮುಖ್ಯ ಕಾರಣಗಳಲ್ಲಿ ಒಂದು ಎಂದು ಸಂಶೋಧಕರೇ ಹೇಳಿದರು.

ಭಾರತದಲ್ಲಿ: ಖಾನೆಯೇ ಇಲ್ಲದ ಸಂಖ್ಯೆ

ನಮ್ಮ ದೇಶದಲ್ಲಿ ಈ ವಿಷಯಕ್ಕೆ ಸರಕಾರ ಕೋರ್ಟಿನ ಮುಂದೆ ಇಟ್ಟ ಸಂಖ್ಯೆ ಒಂದಿದೆ: 25 ಲಕ್ಷ. 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೇಳಿದ್ದು. ಅದು ಬಂದದ್ದು ಏಡ್ಸ್ ನಿಯಂತ್ರಣ ಕಾರ್ಯಕ್ರಮದಿಂದ, ಸೋಂಕಿನ ಅಪಾಯ ಅಳೆಯಲು ಮಾಡಿದ ಗಂಡಸರ ಅಂದಾಜಿನಿಂದ. ಆ 25 ಲಕ್ಷದಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಜೋಡಿ, ಮನೆ, ಮಕ್ಕಳು ಎಂಬ ಪ್ರಶ್ನೆಯೇ ಅದರಲ್ಲಿ ಇರಲಿಲ್ಲ. ರೋಗದ ಲೆಕ್ಕಕ್ಕಷ್ಟೇ ಕಣ್ಣಿಗೆ ಬಿದ್ದ ಜನ ಇವರು ಎಂಬುದನ್ನು ನಾವು ನಿಂತು ಯೋಚಿಸಬೇಕು.

2013ರ ಡಿಸೆಂಬರ್ 11ರಂದು, ಸಲಿಂಗ ಸಂಬಂಧವನ್ನು ಅಪರಾಧವಾಗಿಸಿದ್ದ ಸೆಕ್ಷನ್ 377 ಅನ್ನು ಉಳಿಸಿದ ತೀರ್ಪಿನಲ್ಲಿ ನ್ಯಾಯಾಲಯ, ಈ ಜನ ದೇಶದ ಜನಸಂಖ್ಯೆಯ ಅತ್ಯಲ್ಪ ಭಾಗ ಎಂಬುದನ್ನೂ ಒಂದು ಕಾರಣವಾಗಿ ಹೇಳಿತು. ಸಂಖ್ಯೆ ಸಣ್ಣದು ಎಂಬುದು ಹಕ್ಕು ಕೊಡದಿರಲು ನೆಪವಾಯಿತು. 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ ಆ ತೀರ್ಪನ್ನು ತಳ್ಳಿಹಾಕಿತು, ಹಕ್ಕಿಗೆ ತಲೆ ಎಣಿಕೆ ಅಳತೆಗೋಲಾಗದು ಎಂದಿತು.

2023ರಲ್ಲಿ ಮದುವೆಯ ಪ್ರಶ್ನೆ ಬಂದಾಗ ಸಂಖ್ಯೆ ಇನ್ನೊಂದು ವೇಷದಲ್ಲಿ ಮರಳಿತು. ಇದು ನಗರದ ಮೇಲ್ವರ್ಗದವರ ಆಲೋಚನೆ ಎಂದು ಕೇಂದ್ರ ಸರಕಾರ ವಾದಿಸಿತು. ಹಾಗೆನ್ನಲು ನಿಮ್ಮ ಬಳಿ ಯಾವ ಅಂಕಿಅಂಶವಿದೆ ಎಂಬ ಪ್ರಶ್ನೆಯನ್ನು ಆಗಿನ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಎತ್ತಿದರು. ಅಂಕಿಅಂಶ ಇರಲಿಲ್ಲ, ಯಾಕೆಂದರೆ ಯಾರೂ ಕೇಳಿರಲಿಲ್ಲ. 1987ರ ಕೊನೆಯಲ್ಲಿ ಮಧ್ಯಪ್ರದೇಶದಲ್ಲಿ ಪರಸ್ಪರ ಮದುವೆಯಾಗಿ, ಆ ಕಾರಣಕ್ಕೆ ಕೆಲಸ ಕಳೆದುಕೊಂಡ ಇಬ್ಬರು ಮಹಿಳಾ ಪೊಲೀಸ್ ಕಾನ್‌ಸ್ಟೇಬಲ್‌ಗಳು ಯಾವ ಮೇಲ್ವರ್ಗಕ್ಕೂ ಸೇರಿದವರಾಗಿರಲಿಲ್ಲ. 2023ರ ಅಕ್ಟೋಬರ್ 17ರಂದು ಬಂದ ತೀರ್ಪು ಮದುವೆಯ ಹಕ್ಕನ್ನು ಕೊಡಲಿಲ್ಲ. ಜೋಡಿಯಾಗಿ ದತ್ತು ಪಡೆಯುವ ಪ್ರಶ್ನೆಯೂ ಐವರು ನ್ಯಾಯಮೂರ್ತಿಗಳಲ್ಲಿ ಮೂವರು ಒಪ್ಪದೆ ಬಿದ್ದುಹೋಯಿತು. ಇವತ್ತಿಗೂ ಇಬ್ಬರಲ್ಲಿ ಒಬ್ಬರು ಮಾತ್ರ, ಒಂಟಿ ವ್ಯಕ್ತಿಯಾಗಿ, ದತ್ತು ಪಡೆಯಬಹುದು. ಮಗುವಿಗೆ ಮನೆಯಲ್ಲಿ ಇಬ್ಬರು ಅಮ್ಮಂದಿರಿದ್ದರೂ ಕಾಗದದಲ್ಲಿ ಒಬ್ಬರೇ.

ನಮ್ಮ ಜನಗಣತಿಯ ಕುಟುಂಬದ ವ್ಯಾಖ್ಯೆ ನನಗೆ ಇಷ್ಟ. ಸಾಮಾನ್ಯವಾಗಿ ಒಟ್ಟಿಗೆ ಇದ್ದು, ಒಂದೇ ಅಡುಗೆಮನೆಯಲ್ಲಿ ಉಣ್ಣುವವರು ಒಂದು ಕುಟುಂಬ. ರಕ್ತಸಂಬಂಧ ಇರಲೇಬೇಕೆಂದಿಲ್ಲ. ಆ ಅಳತೆಯಲ್ಲಿ ಮೈಸೂರಿನ ಇಬ್ಬರೂ ನಿಸ್ಸಂದೇಹವಾಗಿ ಒಂದು ಕುಟುಂಬ. ತೊಡಕು ಬರುವುದು ಒಲೆಯ ಪ್ರಶ್ನೆ ಮುಗಿದು ನೆಂಟಸ್ತಿಕೆಯ ಪ್ರಶ್ನೆ ಬಂದಾಗ. 2011ರ ಪಟ್ಟಿಗಳಲ್ಲಿ ಸಲಿಂಗ ಜೋಡಿ ಎಂಬ ಲೆಕ್ಕವೇ ಇಲ್ಲ. ಇನ್ನೂ ಆಳದ ತೊಡಕೊಂದಿದೆ. ಎಲ್ಲರ ಸಂಬಂಧವನ್ನೂ ಕೇಳುವುದು ಮನೆ ಯಜಮಾನರಿಗೆ ಹೋಲಿಸಿ. ಮಗ ತನ್ನ ಸಂಗಾತಿಯ ಜೊತೆ ಅಮ್ಮನ ಮನೆಯಲ್ಲೇ ಇದ್ದರೆ, ಯಜಮಾನತಿ ಅಮ್ಮ. ಅಮ್ಮನಿಗೆ ಆ ಹುಡುಗ ಏನಾಗಬೇಕು? ಅಮೆರಿಕದ ಲೆಕ್ಕದಲ್ಲೂ ಇಂಥ ಜೋಡಿಗಳು ಬಹುಪಾಲು ಕಾಣೆಯಾಗುತ್ತವೆ. ಕೂಡು ಕುಟುಂಬಗಳ ನಮ್ಮ ನಾಡಿನಲ್ಲಿ ಎಷ್ಟು ಕಾಣೆಯಾಗಬಹುದು, ನೀವೇ ಯೋಚಿಸಿ.

ಕೇಳುವ ರೀತಿಯೂ ಅಷ್ಟೇ ಮುಖ್ಯ. 2021ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್ ಜನಗಣತಿ ಮೊದಲ ಸಲ 16 ದಾಟಿದ ಎಲ್ಲರ ಲೈಂಗಿಕ ಒಲವನ್ನು ಕೇಳಿತು. ಉತ್ತರ ಕೊಡುವುದು ಕಡ್ಡಾಯವಿರಲಿಲ್ಲ, ಮನೆಯವರಿಗೆ ಕಾಣದಂತೆ ಬೇರೆ ಫಾರಂ ತರಿಸಿಕೊಳ್ಳಬಹುದಿತ್ತು. ಸುಮಾರು 15 ಲಕ್ಷ ಜನ, ಶೇ 3.2, ತಾವು ಸಲಿಂಗಿ, ಗಂಡು ಹೆಣ್ಣು ಇಬ್ಬರ ಕಡೆಗೂ ಒಲವಿರುವವರು ಅಥವಾ ಬೇರೆ ಒಲವಿನವರು ಎಂದರು. 16ರಿಂದ 24ರ ವಯಸ್ಸಿನವರಲ್ಲಿ ಅದು ಶೇ 7ರ ಹತ್ತಿರ. ಶೇ 7.5 ಜನ ಉತ್ತರಿಸಲಿಲ್ಲ. ಆ ಬೇರೆ ಫಾರಂನಂಥ ಸಣ್ಣ ಏರ್ಪಾಟು ನಮ್ಮಲ್ಲಿ ಎಷ್ಟು ಬೇಕು ಎಂಬುದು ಓನರ್ ಎದುರು 'ಫ್ರೆಂಡ್' ಎಂದವರಿಗೆ ಗೊತ್ತು. 1948ರ ಜನಗಣತಿ ಕಾಯ್ದೆ ನಾವು ಕೊಟ್ಟ ಉತ್ತರವನ್ನು ಗುಟ್ಟಾಗಿಡುತ್ತದೆ, ಕೋರ್ಟಿನಲ್ಲೂ ಅದನ್ನು ಸಾಕ್ಷಿಯಾಗಿ ಬಳಸುವಂತಿಲ್ಲ. ಆದರೆ ಮೆಟ್ಟಿಲ ಮೇಲೆ ನಿಂತವರಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲವಲ್ಲ.

2027ರ ಮಾರ್ಚ್ 1 ನಮ್ಮ ಮುಂದಿನ ಜನಗಣತಿಯ ಉಲ್ಲೇಖ ದಿನ, ಅಂದರೆ ಯಾವ ದಿನದ ಜನಸಂಖ್ಯೆಯನ್ನು ಲೆಕ್ಕ ಹಿಡಿಯುತ್ತಾರೋ ಆ ದಿನ. ಈ ಸಲ ಮೊಬೈಲಿನಲ್ಲಿ ನಾವೇ ವಿವರ ತುಂಬುವ ಅವಕಾಶವಿದೆ. ಯಾರೂ ಬಾಗಿಲಲ್ಲಿ ನಿಲ್ಲದೆ, ಅಡುಗೆಮನೆಯಲ್ಲೇ ಕೂತು ಉತ್ತರ ಕೊಡಬಹುದು. ಅದು ದೊಡ್ಡ ಬದಲಾವಣೆ. ಸಂಬಂಧದ ಖಾನೆಯಲ್ಲಿ 'ಸಂಗಾತಿ' ಎಂಬ ಒಂದು ಪದ, ಲಿಂಗ ಯಾವುದಾದರೂ ಸರಿ, ಆಯ್ಕೆಯಾಗಿ ಸಿಕ್ಕರೆ ಎಷ್ಟೋ ಜನ ಒತ್ತುತ್ತಾರೆ. ಎಲ್ಲರೂ ಒತ್ತುವುದಿಲ್ಲ, ಮೊದಲ ಸಲ ಬರುವ ಸಂಖ್ಯೆ ತೀರ ಕಡಿಮೆಯೇ ಇರುತ್ತದೆ, ಅದರಲ್ಲಿ ಕೈತಪ್ಪಿನ ಕಳೆಯೂ ಬೆರೆತಿರುತ್ತದೆ. ಅಮೆರಿಕಕ್ಕೆ ಸರಿಯಾದ ಫಾರಂ ಸಿಗಲು ಮೂವತ್ತು ವರ್ಷ ಹಿಡಿಯಿತು.

ಇಷ್ಟರಲ್ಲಿ ಒಂದು ಇಲಾಖೆ ಸದ್ದಿಲ್ಲದೆ ಮುಂದೆ ಹೋಗಿದೆ. 2023ರ ತೀರ್ಪಿನ ನಂತರ, 2024ರಲ್ಲಿ, ಕೇಂದ್ರದ ಆಹಾರ ಮತ್ತು ಸಾರ್ವಜನಿಕ ವಿತರಣಾ ಇಲಾಖೆ ಎಲ್ಲ ರಾಜ್ಯಗಳಿಗೂ ಸೂಚನೆ ಕಳಿಸಿತು: ಇಂಥ ಸಂಬಂಧದಲ್ಲಿರುವ ಸಂಗಾತಿಗಳನ್ನು ಪಡಿತರ ಚೀಟಿಯ ಮಟ್ಟಿಗೆ ಒಂದೇ ಮನೆಯವರು ಎಂದು ಪರಿಗಣಿಸಬೇಕು. ಅದೇ ವರ್ಷ ಆಗಸ್ಟ್‌ನಲ್ಲಿ ಹಣಕಾಸು ಸಚಿವಾಲಯ, ಇಬ್ಬರೂ ಸೇರಿ ಜಂಟಿ ಖಾತೆ ತೆರೆಯಲು, ಒಬ್ಬರನ್ನೊಬ್ಬರು ನಾಮಿನಿ ಮಾಡಲು ಯಾವ ಅಡ್ಡಿಯೂ ಇಲ್ಲ ಎಂದು ಬ್ಯಾಂಕುಗಳಿಗೆ ತಿಳಿಸಿತು. ಮೈಸೂರಿನ ಆ ಇಬ್ಬರು ನಾಳೆ ಬೆಳಗ್ಗೆ ಅರ್ಜಿ ಹಿಡಿದು ಹೋದರೆ ಕೌಂಟರಿನಲ್ಲಿ ಕೂತವರಿಗೆ ಆ ಸುತ್ತೋಲೆ ಗೊತ್ತಿರಬೇಕು, ಅಷ್ಟೆ. ಗೊತ್ತಿಲ್ಲದಿದ್ದರೆ ಅದರ ಪ್ರಿಂಟ್ ಒಂದನ್ನು ಜೊತೆಗೆ ಒಯ್ಯುವುದು ಒಳ್ಳೆಯದು.